ಬಿಂದುವಿನ ಪಾಲಿನ ಪಿಂಗಾಣಿ

ಉಲ್ಲಾಳ, ಬೆಂಗಳೂರು
೯ ಜೂನ್ ೨೦೨೪

ಮುದ್ದು ಅಪ್ಪಾ,

ಮದುವೆಯಾಗಿ ಹದಿನೆಂಟು ದಿನಕ್ಕೆ ಮೊದಲ ಕಾಗದ. ಹನಿಮೂನ್ ಮುಗಿಸಿ ಮೊನ್ನೆಯಷ್ಟೇ ಈ ಮನೆಗೆ ಬಂದೆವು. ಬೈಯಬೇಡ! ದಿನಾ ಫೋನ್ ಮಾಡಿದರೂ ಅಂಚೆ ಇಲಾಖೆಯವನ ಮಗಳು ತಿಂಗಳಿಗೊಂದು ಕಾಗದ ಬರೆಯಲೇಬೇಕು, ಅದೂ ಕನ್ನಡದಲ್ಲೇ ಬರೆಯಬೇಕು ಎಂಬ ನಿನ್ನ ಹಾಸ್ಟೆಲ್ ಕಾಲದ ಕಾನೂನನ್ನು ನಾನು ಮರೆತಿಲ್ಲ. ಕೆಂಪು ಪೆನ್ನು ರೆಡಿ ಇಟ್ಟುಕೋ. ಕಾನ್ವೆಂಟಿನ ಸಿಸ್ಟರುಗಳು ಕಲಿಸದ ಕನ್ನಡವನ್ನು ನೀನು ಅಂಚೆಯಲ್ಲೇ ಕಲಿಸಿದವನು, ತಪ್ಪಿದ್ದರೆ ಅದು ನಿನ್ನದೇ ತಪ್ಪು!

ಈಗ ಸುದ್ದಿ ಕೇಳು. ಕೇಳಿ ಕುಣಿಯಬೇಕು ನೀನು. ಮೋಹನ್ ನನಗೆ ಒಂದು ಡಿನ್ನರ್ ಸೆಟ್ ಕೊಡಿಸಿದ! ನಿನ್ನೆ ಏನೂ ಹೇಳದೆ ಮಾರೇನಹಳ್ಳಿಯ ಒಂದು ಅಂಗಡಿಗೆ ಕರೆದುಕೊಂಡು ಹೋದ. ಒಳಗೆ ಬರೀ ತಟ್ಟೆ, ಬಟ್ಟಲು, ಕಪ್ಪು, ಸಾಸರ್. ನೆಲದಿಂದ ಸೂರಿನವರೆಗೆ! ನಾನು ಉಸಿರು ಬಿಗಿಹಿಡಿದುಕೊಂಡೇ ಓಡಾಡಿದೆ, ಸೆರಗು ತಗುಲಿ ಏನಾದರೂ ಬಿದ್ದುಬಿಟ್ಟರೆ ಎಂದು. ಅಂಗಡಿಯವರು ಒಂದು ತಟ್ಟೆಯನ್ನು ಟ್ಯೂಬ್‌ಲೈಟಿಗೆ ಹಿಡಿದು, "ಹಿಂದ್ಗಡೆ ಕೈ ಇಡಿ ಮೇಡಂ. ಬೆರಳಿನ ನೆರಳು ಕಾಣ್ತಾ? ಇದು ಒಳ್ಳೇ ಮಾಲು" ಅಂದರು. ಉಗುರಿನಿಂದ ತಟ್ಟಿದರೆ ಗಂಟೆಯ ಹಾಗೆ ಟಿಣ್ ಎನ್ನುತ್ತದೆ, ಆ ಶಬ್ದ ಎಷ್ಟೋ ಹೊತ್ತು ಇರುತ್ತದೆ. ನಾನು ಹದಿನಾಲ್ಕು ತಟ್ಟೆ ತಟ್ಟಿದೆ. ಕೊನೆಗೆ ಹಾಲಿನಂಥ ಬಿಳಿ, ಅಂಚಿಗೆ ಕೂದಲೆಳೆಯಷ್ಟು ಚಿನ್ನದ ಗೆರೆ, ಒಂದು ಪಕ್ಕಕ್ಕೆ ಮಾತ್ರ ಪುಟ್ಟಪುಟ್ಟ ನೀಲಿ ಹೂವು ಇರುವ ಸೆಟ್ ಸಿಕ್ಕಿತು.

"ಇಷ್ಟು ನಾಜೂಕಾದ್ದು ಇಡೀ ಮನೆಗೆ ಸಾಕಾಗುತ್ತಾ?" ಎಂದು ಕೇಳಿದೆ.

"ಇಡೀ ಮನೆಗಲ್ಲ ಕಣೇ. ನಿಂಗೆ ಮಾತ್ರ" ಅಂದ.

ನನಗೆ ಮಾತ್ರ! ಅಂಗಡಿಯಲ್ಲೇ ಜೋರಾಗಿ ನಕ್ಕುಬಿಟ್ಟೆ. ಅಂಗಡಿಯವರೂ ನಕ್ಕರು. ಮೋಹನ್ ಕಣ್ಣಲ್ಲಿ ನೀರು ಬಂದಿತ್ತು ಅಪ್ಪಾ, ನನ್ನ ಖುಷಿ ನೋಡಿ. ಅದನ್ನು ಮುಚ್ಚಿಕೊಳ್ಳಲು ಆ ಕಡೆ ತಿರುಗಿ ಫೋನ್ ನೋಡುತ್ತಾ ನಿಂತ. ಪಾಪು!

ಮನೆಯಲ್ಲಿ ಎಲ್ಲರೂ ಸ್ಟೀಲ್ ತಟ್ಟೆಯಲ್ಲಿ ಊಟ ಮಾಡಿದರೆ ನಾನೊಬ್ಬಳು ಚಿನ್ನದ ಅಂಚಿನ ತಟ್ಟೆಯಲ್ಲಿ. ಅದರಲ್ಲಿ ಏನು ಊಟ ಗೊತ್ತಾ? ಮುದ್ದೆ, ಸೊಪ್ಪಿನ ಸಾರು! ಯಾವ ರಾಣಿಯೂ ಹೀಗೆ ಮುದ್ದೆ ಉಂಡಿರಲಾರಳು. ಇಂಥ ತಟ್ಟೆಗೆ ಕನ್ನಡದಲ್ಲಿ ಪಿಂಗಾನಿ ಅಂತಾರಂತೆ. ಎಷ್ಟು ಚೆಂದದ ಪದ! ಇದನ್ನು ಮಾತ್ರ ನನಗೇಕೆ ಕಲಿಸಲಿಲ್ಲ ನೀನು?

ಸಾವಿರ ಮುತ್ತು,
ಬಿಂದು


ಅರಸೀಕೆರೆ
೧೭ ಜೂನ್ ೨೦೨೪

ಚಿ. ಸೌ. ಬಿಂದುಶ್ರೀಗೆ ಅಪ್ಪನ ಆಶೀರ್ವಾದ.

ಕಾಗದ ತಲುಪಿತು. ಅದು ಪಿಂಗಾಣಿ. ‘ಣ’ ಬರೆಯಬೇಕು. ಉಳಿದಂತೆ ತಪ್ಪುಗಳು ಕಡಿಮೆಯಾಗಿವೆ, ಸಂತೋಷ. ಆ ಪದ ನಮ್ಮ ಮನೆಯಲ್ಲಿ ಬಳಕೆಯಲ್ಲಿರಲಿಲ್ಲ. ಹಾಗಾಗಿ ಕಲಿಸಲಿಲ್ಲ.

ನನ್ನ ಆರೋಗ್ಯ ಚೆನ್ನಾಗಿದೆ. ನಿವೃತ್ತಿಗೆ ಇನ್ನು ಹತ್ತು ತಿಂಗಳಿದೆ. ಮಳೆ ಸುಮಾರಾಗಿದೆ.

ತಿಳಿದುಕೊಳ್ಳೋಣ ಎಂದು ಕೇಳುತ್ತಿದ್ದೇನೆ, ಬೇರೆ ಏನಿಲ್ಲ. ಆ ತಟ್ಟೆಗಳನ್ನು ಎಲ್ಲಿ ಇಡುತ್ತಾರೆ? ಯಾರು ತೊಳೆಯುತ್ತಾರೆ? ಮೋಹನನೂ ಒಮ್ಮೊಮ್ಮೆ ಅದರಲ್ಲಿ ಉಣ್ಣುತ್ತಾನೆಯೇ? ಮದುವೆಗೆ ನಾನು ಕೊಟ್ಟ ಸ್ಟೀಲ್ ಪಾತ್ರೆಗಳು, ನಿಮ್ಮಿಬ್ಬರ ಹೆಸರು ಹಾಕಿಸಿದ್ದೆನಲ್ಲ, ಅವು ಬಳಕೆಯಲ್ಲಿವೆಯೇ?

ಬೀಗಿತ್ತಿಯವರಿಗೂ ಬೀಗರಿಗೂ ನನ್ನ ನಮಸ್ಕಾರ ತಿಳಿಸು.

ಇಂತಿ,
ದೊಡ್ಡಹನುಮಯ್ಯ


ಉಲ್ಲಾಳ
೩೦ ಜೂನ್ ೨೦೨೪

ಮುದ್ದು ಅಪ್ಪಾ,

ನಿನ್ನ ಕಾಗದ ಓದಿ ಮೋಹನ್‌ಗೆ ಹೇಳಿದೆ, ನಮ್ಮಪ್ಪ ಪಾತ್ರೆಗಳ ಇನ್ಸ್‌ಪೆಕ್ಷನ್‌ಗೆ ಬರುತ್ತಿದ್ದಾರೆ ಎಂದು! ಅವನು ನಗಲೇ ಇಲ್ಲ. ಆಫೀಸಿನಲ್ಲಿ ಏನೋ ಟೆನ್ಷನ್ ಇರಬೇಕು.

ಸರಿ, ಉತ್ತರ ತಗೋ. ನನ್ನ ಸೆಟ್ಟಿಗೆ ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ, ವಾಷಿಂಗ್ ಮೆಷೀನ್ ಮೇಲೆ, ಸ್ಪೆಷಲ್ಲಾಗಿ ಒಂದು ಶೆಲ್ಫ್ ಹೊಡೆಸಿದ್ದಾರೆ. ಅಡುಗೆಮನೆಯ ಸ್ಟೀಲ್ ಪಾತ್ರೆಗಳ ಜೊತೆ ಇಟ್ಟರೆ ತಗುಲಿ ಚಕ್ಕೆ ಏಳುತ್ತದಲ್ಲ! ತೊಳೆಯುವುದು ನಾನೇ. ಮನೆಕೆಲಸಕ್ಕೆ ಬರುವ ಶಶಿಕಲಾ ಕೈ ಒರಟು, ಒಡೆದುಹಾಕುತ್ತಾಳೆ, "ನಿಂದು ನೀನೇ ತೊಳ್ಕೊಂಡ್ಬಿಡಮ್ಮ" ಎಂದು ಅತ್ತೆ ಮೊದಲ ದಿನವೇ ಹೇಳಿದರು. ಅದಕ್ಕೆಂದೇ ಬೇರೆ ಸ್ಪಂಜು, ಬೇರೆ ಸೋಪು. ಅಷ್ಟು ಕಾಳಜಿ!

ಮೋಹನ್ ಅದರಲ್ಲಿ ಉಣ್ಣುವುದಿಲ್ಲ. ಒಂದು ದಿನ ನನ್ನ ತಟ್ಟೆಯಿಂದ ತುತ್ತು ತಗೊಳ್ಳೋ ಎಂದೆ. "ಅಮ್ಮ ಇದಾರೆ, ಸುಮ್ನಿರು" ಅಂದ. ನಾಚಿಕೆ ಸ್ವಭಾವ. ನಿನ್ನ ಸ್ಟೀಲ್ ಪಾತ್ರೆಗಳು ಅಟ್ಟದ ಮೇಲೆ ಭದ್ರವಾಗಿವೆ. "ಹೆಸ್ರು ಹಾಕ್ಸಿರೋ ಪಾತ್ರೆ, ಬಳಸಿ ಯಾಕಮ್ಮ ಹಾಳ್ ಮಾಡೋದು" ಅನ್ನುತ್ತಾರೆ ಅತ್ತೆ.

ಅತ್ತೆ ಮುನಿಲಕ್ಷ್ಮಮ್ಮ ನನ್ನನ್ನು ಅಡುಗೆಮನೆಗೆ ಬಿಡುವುದೇ ಇಲ್ಲ ಗೊತ್ತಾ? ಒಂದು ಹೆಜ್ಜೆ ಇಟ್ಟರೆ, "ನೀನು ಓದಿರೋಳು, ಇಸ್ಕೂಲಲ್ಲಿ ದುಡ್ದು ಬಂದಿರ್ತೀಯ, ಹೋಗಿ ಕೂತ್ಕೊ" ಎನ್ನುತ್ತಾರೆ. ನಾನು ಪಾಠ ಮಾಡುವ ಪ್ಲೇ ಸ್ಕೂಲಿನ ಟೀಚರುಗಳೆಲ್ಲ ಹೊಟ್ಟೆ ಉರಿದುಕೊಳ್ಳುತ್ತಾರೆ. ಶನಿವಾರ ನನ್ನ ತಲೆಗೆ ಎಣ್ಣೆ ಹಚ್ಚುತ್ತಾರೆ, ಗಟ್ಟಿಯಾಗಿ ತಿಕ್ಕಿ, ಜಡೆ ಹಾಕಿ, ಮಲ್ಲಿಗೆ ಮುಡಿಸುತ್ತಾರೆ. ಅದೆಲ್ಲ ಮುಗಿದ ಮೇಲೆಯೇ ಅವರ ಸ್ನಾನ. ಅಮ್ಮ ಇದ್ದಿದ್ದರೆ ಹೀಗೇ ಮಾಡುತ್ತಿದ್ದಳೇನೋ ಎನ್ನಿಸಿ ಮೊನ್ನೆ ಸ್ವಲ್ಪ ಅತ್ತೆ. ಈ ‘ಅತ್ತೆ’ ಅಂದರೆ ಅಳುವ ಅತ್ತೆ, ಮುನಿಲಕ್ಷ್ಮಮ್ಮ ಅತ್ತೆ ಅಲ್ಲ! ನೋಡು, ನನ್ನ ಕನ್ನಡ ಎಷ್ಟು ಇಂಪ್ರೂವ್ ಆಗಿದೆ!

ನೀನು ಸುಮ್ಮನೆ ಹೆದರಿದ್ದೆ ಅಪ್ಪಾ. ಬೇರೆ ಜಾತಿ, ಬೇರೆ ಜಾತಿ ಎಂದು ಮದುವೆಗೆ ಮುಂಚೆ ಎಷ್ಟು ಯೋಚನೆ ಮಾಡಿದೆ. ಇಲ್ಲಿ ಯಾರಿಗೂ ಆ ಪದವೇ ನೆನಪಿಲ್ಲ.

ನಿನ್ನ ರಾಣಿ,
ಬಿಂದು


ಅರಸೀಕೆರೆ
೬ ಜುಲೈ ೨೦೨೪

ಮಗಳೇ,

ಇದನ್ನು ನಾನು ಅಂಚೆಗೆ ಹಾಕುವುದಿಲ್ಲ. ಮೂವತ್ತೈದು ವರ್ಷದಿಂದ ಊರವರ ಕಾಗದಗಳಿಗೆ ಮುದ್ರೆ ಒತ್ತುತ್ತಿದ್ದೇನೆ. ಇದಕ್ಕೆ ಒತ್ತಲಾರೆ. ಆದರೂ ಬರೆಯದೆ ಕೂತಿರಲು ಆಗುತ್ತಿಲ್ಲ.

ಪಿಂಗಾಣಿ ಎಂಬ ಪದವನ್ನು ನಾನು ಬೇಕೆಂದೇ ಕಲಿಸಲಿಲ್ಲ.

ನನಗೆ ಏಳೆಂಟು ವರ್ಷ. ನಿಮ್ಮಜ್ಜಿ ರಾಮಮ್ಮ ಊರೊಳಗಿನ ಗೌಡರ ಮನೆಗೆ ಕಳೆ ಕೀಳಲು ಹೋಗುವಳು. ನಾನೂ ಹಿಂದೆ ಹೋಗುವೆ. ಅವರ ಕೊಟ್ಟಿಗೆಯ ಸೂರಿನಲ್ಲಿ, ಬಿದಿರಿನ ಗಳು ಮತ್ತು ಹುಲ್ಲಿನ ನಡುವೆ, ಒಂದು ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ ಸಿಕ್ಕಿಸಿರುತ್ತಿದ್ದರು. ಅದು ನಮ್ಮ ಕೇರಿಯವರಿಗೆ ಎಂದೇ ಇಟ್ಟದ್ದು. ನಾವೇ ತೆಗೆದುಕೊಂಡು ಹಿಡಿಯಬೇಕು, ಮನೆಯವರು ಮೇಲಿನಿಂದ ಕಾಫಿ ಹುಯ್ಯುವರು. ಕುಡಿದ ಮೇಲೆ ನಾವೇ ತೊಳೆದು ಮತ್ತೆ ಸೂರಿಗೆ ಸಿಕ್ಕಿಸಬೇಕು. ಅವರ ಲೋಹದ ಪಾತ್ರೆಗಳ ಜೊತೆ ಅದು ಎಂದೂ ಸೇರಬಾರದು. ಪಿಂಗಾಣಿಯಾದರೆ ಗುರುತು ತಪ್ಪುವುದಿಲ್ಲ, ನೋಡು. ಬೆರೆತುಹೋಗುವುದಿಲ್ಲ.

ಆ ಬಟ್ಟಲಿಗೂ ನೀಲಿ ಹೂವಿತ್ತು. ನನ್ನ ಕಣ್ಣಿಗೆ ಅಷ್ಟು ಚೆಂದದ ವಸ್ತು ಅಲ್ಲಿಯವರೆಗೆ ಬಿದ್ದಿರಲಿಲ್ಲ. "ಅವ್ವ, ಗೌಡ್ರು ನೆಗ್ಗಿದ ತಂಬಿಗೇಲಿ ಕುಡೀತಾರೆ, ನಮ್ಗೆ ಮಾತ್ರ ಹೂವಿನ್ ಬಟ್ಲು ಕೊಡ್ತಾರೆ" ಎಂದು ನಾನು ಅವ್ವನಿಗೆ ಹೇಳಿದ್ದೆ. ಅವ್ವ ನಕ್ಕಳು. ಅವಳು ಯಾಕೆ ನಕ್ಕಳು ಎಂದು ತಿಳಿಯಲು ನನಗೆ ನಾಲ್ಕು ವರ್ಷ ಬೇಕಾಯಿತು. ತಿಳಿದ ದಿನ ಆ ನಾಲ್ಕು ವರ್ಷ ಖುಷಿಯಿಂದ ಕುಡಿದದ್ದೆಲ್ಲ ಒಟ್ಟಿಗೆ ಗಂಟಲಿಗೆ ಬಂತು.

ಆದ್ದರಿಂದ ನಿನ್ನನ್ನು ಊರಿಗೇ ಕರೆದೊಯ್ಯಲಿಲ್ಲ. ಕಾನ್ವೆಂಟಿಗೆ ಹಾಕಿದೆ. ನಿನಗೆಂದು ಯಾವ ಜಾತಿ ಸರ್ಟಿಫಿಕೇಟನ್ನೂ ತೆಗೆಸಲಿಲ್ಲ. ಜಾತಿಯ ಹೆಸರು ನಿನಗೆ ಗೊತ್ತು, ಅದು ಮನೆಯೊಳಗೆ ಯಾವ ಯಾವ ವಸ್ತುವಿನಲ್ಲಿ ಕೂತಿರುತ್ತದೆ ಎಂಬುದು ಗೊತ್ತಿಲ್ಲ. ಗೊತ್ತಾಗದಂತೆ ಬೆಳೆಸಿದ್ದೇ ನನ್ನ ಸಾಧನೆ ಎಂದುಕೊಂಡಿದ್ದೆ.

ಈಗ ನಾನು ಹೇಳಿದರೆ ನಿನ್ನ ನಗು ಹೋಗುತ್ತದೆ. ಹೇಳದಿದ್ದರೆ ನೀನು ದಿನಾ ನಗುನಗುತ್ತಾ ಅದರಲ್ಲಿ ಉಣ್ಣುತ್ತೀಯ. ಎರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದು ಎಂದು ನನಗೆ ತಿಳಿಯುತ್ತಿಲ್ಲ. ನಮ್ಮವ್ವನಿಗೂ ತಿಳಿದಿರಲಿಕ್ಕಿಲ್ಲ.


ಅರಸೀಕೆರೆ
೮ ಜುಲೈ ೨೦೨೪

ಚಿ. ಸೌ. ಬಿಂದುಶ್ರೀಗೆ ಆಶೀರ್ವಾದ.

ಕಾಗದ ತಲುಪಿತು. ಎಲ್ಲ ತಿಳಿದು ಸಂತೋಷವಾಯಿತು. ಒಂದು ಚೀಲ ಕೊಬ್ಬರಿ ಪಾರ್ಸೆಲ್ ಮಾಡಿದ್ದೇನೆ. ತಲುಪಿದ ಕೂಡಲೇ ಬಿಸಿಲಿಗೆ ಹಾಕಿಸು. ಮೋಹನನೊಂದಿಗೆ ಹೊಂದಿಕೊಂಡು ಹೋಗು. ಹೊತ್ತುಹೊತ್ತಿಗೆ ಊಟ ಮಾಡು.

ಇಂತಿ,
ದೊಡ್ಡಹನುಮಯ್ಯ


ಉಲ್ಲಾಳ
೧೮ ಆಗಸ್ಟ್ ೨೦೨೪

ಮುದ್ದು ಅಪ್ಪಾ,

ನಿನ್ನ ಕಾಗದ ಟೆಲಿಗ್ರಾಂ ಥರ ಇತ್ತು! ಕೊಬ್ಬರಿ ಮಾತ್ರ ಫಸ್ಟ್ ಕ್ಲಾಸ್. ಹಬ್ಬಕ್ಕೆ ಅತ್ತೆ ಅಂಗಡಿಯಿಂದ ತಂದದ್ದನ್ನು ಬಳಸಿದರು, ನೀನು ಕಳಿಸಿದ್ದನ್ನು ಪೂರ್ತಿ ನನ್ನ ರೂಮಿಗೇ ಕೊಟ್ಟುಬಿಟ್ಟರು. ರಾತ್ರಿ ಹಗಲು ಬೆಲ್ಲದ ಜೊತೆ ಕಟಂಕುಟುಂ!

ವರಮಹಾಲಕ್ಷ್ಮಿ ಹಬ್ಬ ಜೋರಾಗಿತ್ತು. ನಾದಿನಿ ಕವನಾಳ ಫ್ರೆಂಡ್ಸ್, ಬಾಡಿಗೆ ಮನೆಗಳ ಆಂಟಿಯರು, ಸುಮಾರು ನಲವತ್ತು ಜನ. ನನ್ನ ಸೆಟ್ ಎಲ್ಲರಿಗೂ ತೋರಿಸುವ ಆಸೆ. "ಕೋಸಂಬರಿ ನನ್ನ ಬಟ್ಟಲಲ್ಲಿ ಕೊಡೋಣ ಅತ್ತೆ" ಎಂದು ಅದನ್ನು ತೊಳೆದು, ಒರೆಸಿ, ಹಾಲಿಗೆ ತಂದೂ ಬಿಟ್ಟೆ. ಅತ್ತೆ ಓಡಿ ಬಂದರು. "ಬೇಡ ಬೇಡ ಬೇಡ. ತಗೊಂಡೋಗಿ ಅಲ್ಲೇ ಇಡಮ್ಮ. ಅದು ನಿಂದು, ಕಂಡೋರು ಯಾಕೆ ಮುಟ್ಬೇಕು?" ಅವರ ಮುಖ ಕೆಂಪಾಗಿತ್ತು. ನನ್ನ ವಸ್ತುವಿನ ಮೇಲೆ ನನಗಿಂತ ಅವರಿಗೇ ಜಾಸ್ತಿ ಪೊಸೆಸಿವ್!

ಕವನಾ ಮಾತ್ರ ವಿಚಿತ್ರ ಹುಡುಗಿ. ನಾನು ಬಟ್ಟಲು ವಾಪಸ್ ಇಡುವಾಗ ಹಿಂದೆಯೇ ಬಂದು, "ಸಾರಿ ಅತ್ಗೆ" ಅಂದಳು. ಯಾಕೇ ಎಂದರೆ ಏನೂ ಇಲ್ಲ ಎಂದು ಹೋದಳು.

ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರಬೇಕಂತೆ. ಅಮ್ಮನೂ ಇಲ್ಲ, ಅಣ್ಣತಮ್ಮಂದಿರೂ ಇಲ್ಲ, ನೀನೇ ತರಬೇಕು. ಯಶವಂತಪುರದಲ್ಲಿ ಇಳಿದು ಮೆಟ್ರೋ ಹತ್ತು, ಮೆಜೆಸ್ಟಿಕ್‌ನಲ್ಲಿ ಬದಲಾಯಿಸು, ಜ್ಞಾನಭಾರತಿ ಸ್ಟೇಷನ್ನಿಗೆ ನಾನೇ ಬರುತ್ತೇನೆ. ಬಾ ಬಾ ಬಾ!

ಬಿಂದು


ಉಲ್ಲಾಳ
೧೫ ಸೆಪ್ಟೆಂಬರ್ ೨೦೨೪

ಮುದ್ದು ಅಪ್ಪಾ,

ನೀನು ಬಂದು ಹೋಗಿ ವಾರವಾದರೂ ನಾನಿನ್ನೂ ಅದೇ ಗುಂಗಿನಲ್ಲಿದ್ದೇನೆ. ಬಿಳಿ ಶರ್ಟು, ಹೊಸ ಚಪ್ಪಲಿ, ಕೈಯಲ್ಲಿ ಬಾಗಿನದ ಮೊರ. ಸ್ಟೇಷನ್ನಿನ ಎಸ್ಕಲೇಟರಿನಲ್ಲಿ ನೀನು ಮೊರವನ್ನು ಮಗುವಿನ ಹಾಗೆ ಎತ್ತಿಕೊಂಡು ಇಳಿದು ಬಂದದ್ದನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಮತ್ತೆ ನನ್ನ ಪಿಂಗಾಣಿ (ಣ!) ನೋಡಿದೆಯಲ್ಲ? ಅತ್ತೆ ನಿನಗೂ ಅದರಲ್ಲೇ ಟೀ ಕೊಟ್ಟರು. ಮಾವ ಹನುಮಂತಯ್ಯನವರು ಸ್ಟೀಲ್ ಲೋಟದಲ್ಲಿ, ನೀನು ನೀಲಿ ಹೂವಿನ ಕಪ್ಪಿನಲ್ಲಿ! ನನ್ನ ಸೆಟ್ಟನ್ನು ಯಾರಿಗೂ ಮುಟ್ಟಿಸದವರು ನಿನಗೆ ಕೊಟ್ಟರೆಂದರೆ ನಿನ್ನ ಮೇಲೆ ಎಷ್ಟು ಗೌರವ ಇರಬೇಕು. ನಾನು ಎದುರಿಗೆ ಕೂತು ನಿನ್ನ ಮುಖವನ್ನೇ ನೋಡುತ್ತಿದ್ದೆ. ಹೇಗಿದೆ ಎಂದು ಕೇಳಿದಾಗ, ಚೆನ್ನಾಗಿದೆ, ಇನ್ನೊಂದು ಸ್ವಲ್ಪ ಹಾಕಮ್ಮ ಎಂದೆಯಲ್ಲ, ಎರಡು ಕಪ್ ಕುಡಿದೆಯಲ್ಲ, ಮನೆಯಲ್ಲಿ ಒಂದೇ ಒಂದು ಕಪ್ ಕುಡಿಯುವವನು! ನನಗೆ ಎಷ್ಟು ಖುಷಿಯಾಯಿತು!

ಆಮೇಲೆ ನೀನು ಮಾಡಿದ ಕೆಲಸಕ್ಕೆ ಮಾತ್ರ ಜಗಳ ಆಡಬೇಕು. ನಾನು ಫೋನಿನಲ್ಲಿದ್ದಾಗ ನೀನೇ ಎದ್ದು ಹೋಗಿ ಯುಟಿಲಿಟಿ ನಲ್ಲಿಯಲ್ಲಿ ಕಪ್ ತೊಳೆದು ಬೋರಲು ಹಾಕಿ ಬಂದೆಯಂತೆ. ಬೀಗರು ಯಾರಾದರೂ ಹಾಗೆ ಮಾಡುತ್ತಾರಾ? ಆದರೆ ಅತ್ತೆಗೆ ಬಹಳ ಮೆಚ್ಚುಗೆ. "ನಿಮ್ಮಪ್ಪ ಮರ್ಯಾದಸ್ಥರು ಕಣಮ್ಮ. ತಿಳ್ಕೊಂಡವ್ರೆ" ಎಂದು ಎರಡು ಸಲ ಹೇಳಿದರು.

ತಲುಪಿದ್ದಕ್ಕೆ ಕಾಗದ ಬರೆ.

ಬಿಂದು


ಉಲ್ಲಾಳ
೧೭ ಅಕ್ಟೋಬರ್ ೨೦೨೪

ಅಪ್ಪಾ,

ಒಂದು ತಿಂಗಳಾಯಿತು, ಕಾಗದವೇ ಇಲ್ಲ. ಫೋನ್ ಮಾಡಿದರೆ ಕೌಂಟರಿನಲ್ಲಿ ಜನ ಇದ್ದಾರೆ ಎಂದು ಇಟ್ಟುಬಿಡುತ್ತೀಯ. ಹುಷಾರಾಗಿದ್ದೀಯ ತಾನೇ? ನನ್ನಿಂದ ಏನಾದರೂ ತಪ್ಪಾಯಿತಾ?

ಬಿಂದು


ಅರಸೀಕೆರೆ
೨೪ ಅಕ್ಟೋಬರ್ ೨೦೨೪

ಚಿ. ಸೌ. ಬಿಂದುಶ್ರೀಗೆ ಆಶೀರ್ವಾದ.

ಹುಷಾರಾಗಿದ್ದೇನೆ. ಕಚೇರಿಯಲ್ಲಿ ಒಬ್ಬರು ರಜೆಯಲ್ಲಿದ್ದಾರೆ, ಅವರ ಕೆಲಸವೂ ನನ್ನ ಮೇಲಿದೆ. ಅದಕ್ಕೇ ಬರೆಯಲಾಗಲಿಲ್ಲ. ನಿನ್ನಿಂದ ಯಾವ ತಪ್ಪೂ ಆಗಿಲ್ಲ. ಎಂದೂ ಆಗಿಲ್ಲ.

ಇಂತಿ,
ದೊಡ್ಡಹನುಮಯ್ಯ


ಉಲ್ಲಾಳ
೨೪ ನವೆಂಬರ್ ೨೦೨೪

ಅಪ್ಪ,

ಮಂಗಳವಾರ ಸ್ಕೂಲಿನಿಂದ ಬಂದಾಗ ಬಹಳ ಬಾಯಾರಿತ್ತು. ಡೈನಿಂಗ್ ಟೇಬಲ್ ಮೇಲಿದ್ದ ಸ್ಟೀಲ್ ಲೋಟದಲ್ಲಿ ನೀರು ಬಗ್ಗಿಸಿಕೊಂಡು ಕುಡಿದೆ. ಅತ್ತೆ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಆ ಲೋಟವನ್ನು ಶಶಿಕಲಾಗೆ ಕೊಟ್ಟು, "ನೀನೇ ಇಟ್ಕೊ" ಎಂದದ್ದು ಕೇಳಿಸಿತು. ಎಷ್ಟು ಧಾರಾಳ ಎಂದುಕೊಂಡೆ.

ಶಶಿಕಲಾ ಹೊರಡುವಾಗ ಲೋಟವನ್ನು ಸೆರಗಿನಲ್ಲಿ ಸುತ್ತಿಕೊಂಡು ನಗುತ್ತಾ ಹೇಳಿದಳು: "ಅಕ್ಕಾ, ಇನ್ನೊಂದ್ ಐದು ಲೋಟದಲ್ಲಿ ಕುಡ್ದ್‌ಬಿಡಿ. ನಂಗೆ ಸೆಟ್ಟಾಯ್ತದೆ."

"ಯಾಕೆ?" ಎಂದೆ.

"ಯಾಕೆ ಅಂದ್ರೆ? ನೀವು ಬಾಯಿಟ್ಟಿದ್ದನ್ನ ಇವ್ರು ಒಳಕ್ಕೆ ಸೇರ್ಸ್ತಾರಾ?" ಎಂದಳು. ಆಮೇಲೆ ನನ್ನ ಮುಖ ನೋಡಿ ಅವಳ ನಗು ನಿಂತಿತು. "ಅಯ್ಯೋ, ನಿಮ್ಗೊತ್ತಿರ್ಲಿಲ್ವಾ? ನಾನು ಗೊತ್ತಿದ್ದೇ ಇದೀರಾ ಅನ್ಕೊಂಡಿದ್ದೆ ಕಣಕ್ಕಾ. ಇಷ್ಟು ನಗ್ತಾ ನಗ್ತಾ ಇರ್ತೀರಲ್ಲ, ದೊಡ್ಡ ಮನಸ್ಸು ಅಂತ ನಾನು ನಮ್ಮ ಮನೇಲೂ ಹೇಳಿದ್ದೆ."

ಮೋಹನ್ ಬಂದ ಮೇಲೆ ಕೇಳಿದೆ. ಮೊದಲು ಇಲ್ಲ ಎಂದ. ಆಮೇಲೆ ಅತ್ತ. ಮದುವೆಗೆ ಅವನ ಅಮ್ಮ ಹಾಕಿದ್ದು ಒಂದೇ ಷರತ್ತಂತೆ. ಹುಡುಗಿ ಒಳ್ಳೆಯವಳು, ಮನೆಗೆ ಬರಲಿ, ಪಾತ್ರೆ ಮಾತ್ರ ಬೇರೆ ಇರಲಿ. ಅವನು ಒಪ್ಪಿಕೊಂಡ. "ಹೆಂಗಿದ್ರೂ ಬೇರೆ ಕೊಡ್ಬೇಕು. ಅದು ಪ್ಲಾಸ್ಟಿಕ್ಕೋ ಅಲ್ಯೂಮಿನಿಯಮ್ಮೋ ಆಗ್ಬಾರ್ದು, ಎಲ್ಲಾದಕ್ಕಿಂತ ಚೆನ್ನಾಗಿರೋದಾಗ್ಲಿ ಅಂತ ಕಣೇ. ನಿಂಗೆ ಯಾವತ್ತೂ ಗೊತ್ತಾಗ್ಬಾರ್ದು ಅಂತ" ಎಂದ. ಅವನ ಪ್ರೀತಿ ಸುಳ್ಳಲ್ಲ, ಅದು ನನಗೆ ಗೊತ್ತು. ಸುಳ್ಳಾಗಿದ್ದರೆ ಎದ್ದು ಬರುವುದು ಸುಲಭವಾಗುತ್ತಿತ್ತು.

ಅಂಗಡಿಯಲ್ಲಿ ಹದಿನಾಲ್ಕು ತಟ್ಟೆ ತಟ್ಟಿ ನೋಡಿದೆ. ನನ್ನನ್ನು ಹೊರಗಿಡುವ ತಟ್ಟೆಯನ್ನು ನಾನೇ ಬೆಳಕಿಗೆ ಹಿಡಿದು ಆರಿಸಿದೆ.

ಇನ್ನೊಂದು ಮಾತನ್ನೂ ಬರೆಯಬೇಕು. ನಮ್ಮ ಸ್ಕೂಲಿನಲ್ಲಿ ಆಯಾಗಳ ಕಪ್ ಬೇರೆ ಕೊಕ್ಕೆಗೆ ನೇತುಹಾಕಿರುತ್ತಾರೆ. ನಾನು ಎರಡು ವರ್ಷದಿಂದ ಅದನ್ನು ನೋಡುತ್ತಿದ್ದೇನೆ. ಒಂದು ದಿನವೂ ಏನೂ ಅನ್ನಿಸಿರಲಿಲ್ಲ.

ನಿಮ್ಮ ಜೂನ್ ತಿಂಗಳ ಕಾಗದವನ್ನು ಮತ್ತೆ ಓದಿದೆ. ಎಲ್ಲಿ ಇಡುತ್ತಾರೆ, ಯಾರು ತೊಳೆಯುತ್ತಾರೆ, ಮೋಹನ್ ಉಣ್ಣುತ್ತಾನಾ. ನಿಮಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಬಂದು ಎರಡು ಕಪ್ ಕುಡಿದಿರಿ. ತೊಳೆದು ಬೋರಲು ಹಾಕಿದಿರಿ. ನನಗೆ ಹೇಳಿದ್ದರೆ ಅದರಲ್ಲಿ ಉಣ್ಣುತ್ತಿದ್ದೆನೋ ಬಿಡುತ್ತಿದ್ದೆನೋ, ಅದು ಬೇರೆ. ಆದರೆ ನಗುತ್ತಿರಲಿಲ್ಲ. ಆರು ತಿಂಗಳು ಈ ಮನೆಯವರೆಲ್ಲ ನಾನು ನಗುವುದನ್ನು ನೋಡಿದರು. ನೀವೂ ನೋಡಿದಿರಿ.

ಬಿಂದುಶ್ರೀ


ಅರಸೀಕೆರೆ
೨ ಡಿಸೆಂಬರ್ ೨೦೨೪

ಮಗಳೇ,

ಹುಟ್ಟಿದಾಗಿನಿಂದ ನೀನು ನನ್ನನ್ನು ‘ನೀವು’ ಎಂದಿರಲಿಲ್ಲ. ಓದಿದೆ. ಅದು ನನಗೆ ಸಲ್ಲಬೇಕಾದದ್ದೇ.

ಜುಲೈನಲ್ಲಿ ಒಂದು ಕಾಗದ ಬರೆದು ಇಟ್ಟುಕೊಂಡಿದ್ದೆ. ಇದರ ಜೊತೆ ಇಟ್ಟಿದ್ದೇನೆ. ಓದಬೇಕೆನ್ನಿಸಿದರೆ ಓದು. ಅದು ತಡವಾದ ಕಾಗದ, ತಡವಾದದ್ದಕ್ಕೆ ನಾನೇ ಹೊಣೆ.

ಗೊತ್ತಿದ್ದೂ ಎರಡು ಕಪ್ ಕುಡಿದೆ ಎಂದು ಬರೆದಿದ್ದೀಯ. ಮೊದಲನೆಯದು ಗಂಟಲಲ್ಲಿ ಇಳಿಯುತ್ತಿರಲಿಲ್ಲ, ನೀನು ನನ್ನ ಮುಖ ನೋಡುತ್ತಿದ್ದೆ. ಸರಿಯಾಗಿ ಕುಡಿಯಲಿಲ್ಲ ಎಂದು ನಿನಗೆ ಅನ್ನಿಸಬಾರದೆಂದು ಇನ್ನೊಂದನ್ನು ಕೇಳಿದೆ. ತೊಳೆದದ್ದಕ್ಕೆ ಮಾತ್ರ ನನ್ನ ಬಳಿ ಕಾರಣವಿಲ್ಲ. ಯೋಚಿಸಿ ಮಾಡಿದ್ದಲ್ಲ. ಬೋರಲು ಹಾಕಿದ ಮೇಲೆಯೇ ನನ್ನ ಕೈ ಏನು ಮಾಡಿತೆಂದು ನಾನು ನೋಡಿದ್ದು. ಐವತ್ತು ವರ್ಷ ಕಳೆದಿದೆ, ಆ ಕೈ ದಿನಕ್ಕೆ ನೂರಾರು ಜನರಿಗೆ ಸಹಿ ಮಾಡಿಕೊಡುತ್ತದೆ, ಆದರೂ ಅದಕ್ಕೆ ನೆನಪಿತ್ತು. ರೈಲಿನಲ್ಲಿ ವಾಪಸ್ ಬರುವಾಗ ದಾರಿಯುದ್ದಕ್ಕೂ ಅದನ್ನು ಜೇಬಿನಲ್ಲಿಟ್ಟುಕೊಂಡೇ ಕೂತಿದ್ದೆ. ಬಂದ ಮೇಲೆ ನಿನಗೆ ಕಾಗದ ಬರೆಯಲೂ ಅದೇ ಕೈ ಬೇಕಿತ್ತು. ಬರೆಯಲಾಗಲಿಲ್ಲ. ಕಚೇರಿಯಲ್ಲಿ ಯಾರೂ ರಜೆ ಹಾಕಿರಲಿಲ್ಲ.

ನಿನ್ನನ್ನು ಬಾ ಎಂದೂ ಹೇಳುವುದಿಲ್ಲ, ಇರು ಎಂದೂ ಹೇಳುವುದಿಲ್ಲ. ಅದು ನೀನೂ ಮೋಹನನೂ ನಿರ್ಧರಿಸಬೇಕಾದದ್ದು. ಇಲ್ಲಿಯ ಮನೆ ನಿನ್ನದು. ಆದರೆ ಒಂದು ಕೆಲಸ ನಾನು ಮಾಡಬೇಕು. ಹದಿನೈದನೇ ತಾರೀಕು ಭಾನುವಾರ ಬರುತ್ತೇನೆ. ಜಗಳಕ್ಕಲ್ಲ, ನನಗೆ ಜಗಳ ಬರುವುದಿಲ್ಲ. ನಿನ್ನ ಅತ್ತೆ ಟೀ ತಂದುಕೊಟ್ಟರೆ ಬೇಡ ಎನ್ನುತ್ತೇನೆ. ಅಷ್ಟೇ. ಅಂಥ ಮನೆಯಲ್ಲಿ ನಾನಾಗಲಿ ನಮ್ಮವ್ವನಾಗಲಿ ಆ ಮಾತನ್ನು ಎಂದೂ ಆಡಿದವರಲ್ಲ. ನಿನ್ನೆದುರು ಕುಡಿದವನು ನಿನ್ನೆದುರೇ ಬೇಡ ಎನ್ನಬೇಕು. ನೀನು ಅದನ್ನು ನೋಡಬೇಕು.

ಅಪ್ಪ


ಉಲ್ಲಾಳ
೧೯ ಡಿಸೆಂಬರ್ ೨೦೨೪

ಅಪ್ಪಾ,

ಎರಡು ಕಾಗದಗಳನ್ನೂ ಓದಿದ್ದೇನೆ. ನೀನು ಬರುವ ಮೊದಲೇ ಓದಿದ್ದೆ. ಸ್ಟೇಷನ್ನಿನಲ್ಲಿ ಏನೂ ಮಾತಾಡಲಾಗಲಿಲ್ಲ.

ನೀನು ಬೇಡ ಎಂದೆ. ನಾನು ಕೇಳಿಸಿಕೊಂಡೆ. ಸೋಫಾದ ತುದಿಯಲ್ಲಿ ಕೂತು, ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು, "ಬೇಡಮ್ಮ" ಎಂದೆ. ಅತ್ತೆ, "ಅಯ್ಯೋ, ಸಂಕೋಚ ಯಾಕೆ, ತಗೊಳಿ ಯಜಮಾನ್ರೇ" ಅಂದರು. ನೀನು ಮತ್ತೆ, "ಇಲ್ಲಮ್ಮ, ಬೇಡ" ಅಂದೆ. "ಬೀಗರ ಮನೇಲಿ ಬರೀ ಬಾಯಲ್ಲಿ ಹೋಗ್ಬಾರ್ದು. ಅರ್ಧ ಕಪ್ಪಾದ್ರೂ ಕುಡೀರಿ" ಎಂದು ತುಂಬಾ ಹುಯ್ದೇ ಮುಂದೆ ಇಟ್ಟರು. ಮೂರನೇ ಸಲ ಬೇಡ ಎಂದಾಗ ಮಾವ ನಕ್ಕು, "ನಮ್ಮ ಬೀಗ್ರಿಗೆ ನಾಚ್ಕೆ ಜಾಸ್ತಿ ಕಣೇ, ಬಲವಂತ ಮಾಡು" ಎಂದರು. ಮೂರು ಸಲ ಹೇಳಿದೆ ಅಪ್ಪಾ ನೀನು. ಇವರಿಗೆ ಅದು ಉಪಚಾರದ ಮಾತಾಗಿಯೇ ಕೇಳಿಸಿತು. ಬೇಡ ಎನ್ನುವ ನೆಂಟರಿಗೆ ಬಲವಂತ ಮಾಡುವುದು ಮರ್ಯಾದೆ. ಅವರು ಮರ್ಯಾದೆ ಮಾಡಿದರು.

ಆದರೆ ನೀನು ಕುಡಿಯಲಿಲ್ಲ. ಅದನ್ನು ನಾನು ನೋಡಿದೆ. ನೋಡಬೇಕು ಎಂದಿದ್ದೆಯಲ್ಲ.

ನಿನ್ನನ್ನು ರೈಲಿಗೆ ಬಿಟ್ಟು ಬಂದಾಗ ಕಪ್ ಅಲ್ಲೇ ಇತ್ತು. ಟೀಪಾಯಿಯಿಂದ ಎತ್ತಿ ತಂದು ಡೈನಿಂಗ್ ಟೇಬಲ್ಲಿನ ನಡುವೆ, ಅವರ ಸ್ಟೀಲ್ ತಟ್ಟೆಗಳ ನಡುವೆ, ಟೀ ಸಮೇತ ಇಟ್ಟೆ. ತೊಳೆಯಲಿಲ್ಲ. ಶಶಿಕಲಾಗೆ ಮುಟ್ಟಬೇಡ ಎಂದೆ. "ಏನಕ್ಕಾ ಇದು" ಎಂದಳು, ಆಮೇಲೆ ಅದರ ಸುತ್ತ ಟೇಬಲ್ ಒರೆಸಿ ಹೋದಳು. ನಾನು ನನ್ನ ತಟ್ಟೆ ತಂದುಕೊಂಡು ಅದೇ ಟೇಬಲ್ಲಿನಲ್ಲಿ ಉಣ್ಣುತ್ತಿದ್ದೇನೆ. ಆ ತಟ್ಟೆ ಈಗಲೂ ಚೆಂದವಾಗಿಯೇ ಇದೆ, ಅದೇ ಸಂಕಟ.

ಇವತ್ತಿಗೆ ನಾಲ್ಕು ದಿನ. ಮೇಲೆ ಕೆನೆ ಕಟ್ಟಿ ಒಡೆದಿದೆ, ವಾಸನೆ ಶುರುವಾಗಿದೆ. "ಅದನ್ನ ತೆಗಿ ತಾಯಿ" ಎಂದು ಅತ್ತೆ ಎರಡು ದಿನ ಹೇಳಿದರು. ನಾನು ತೆಗೆಯಲಿಲ್ಲ. ಈಗ ಅವರು ಅಡುಗೆಮನೆಯಲ್ಲೇ ಕೂತು ಉಣ್ಣುತ್ತಾರೆ. ಮಾವ ತಟ್ಟೆ ಹಿಡಿದು ಟಿವಿ ಮುಂದೆ ಹೋಗುತ್ತಾರೆ. ಕವನಾ ಮೊನ್ನೆ ಹತ್ತಿರ ಬಂದು ನಿಂತಿದ್ದಳು, ಅಡುಗೆಮನೆಯಿಂದ ಕರೆ ಬಂತು, ಹೋದಳು.

ಇದನ್ನು ಎತ್ತಬೇಕಾದವನು ಮೋಹನ್. ಅವನಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಅವನು ಎತ್ತಿ, ಅಡುಗೆಮನೆಯ ಸಿಂಕಿಗೆ ಒಯ್ದು, ಅವರ ಲೋಟಗಳ ಜೊತೆ ಇಟ್ಟರೆ ನಾನು ಇಲ್ಲಿರುತ್ತೇನೆ. ನನ್ನ ಬಟ್ಟೆ ಸೂಟ್‌ಕೇಸಿನಲ್ಲೇ ಇವೆ. ಅದು ಅವನಿಗೆ ಕಾಣುತ್ತದೆ.

ಇವತ್ತು ಬೆಳಿಗ್ಗೆ ಅವನು ನನ್ನ ಪಕ್ಕದಲ್ಲೇ ಕೂತು ತಿಂಡಿ ತಿಂದ. ಚಿತ್ರಾನ್ನ. ಸ್ವಲ್ಪ ಹೊತ್ತು ಕಪ್ಪನ್ನೇ ನೋಡಿದ. ಆಮೇಲೆ ಕೈ ಚಾಚಿದ. ಬೆರಳು ಕಪ್ಪಿನ ಹಿಡಿಯವರೆಗೂ ಹೋದವು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು.

ಅವನು ಪಕ್ಕದಲ್ಲಿದ್ದ ಉಪ್ಪಿನ ಡಬ್ಬಿ ತೆಗೆದುಕೊಂಡ.

ಬಿಂದು